ಮುಬಶಿರಾ ಮಂತ್ರಿಯಾದ ಭಾನುವಾರ

ಮೇಗುಂದದ ಕಡೆ ವಿ.ಎ. ಮೇಡಂ ಎಂದರೆ ಎಲ್ಲರಿಗೂ ಗೊತ್ತು. ಹೆಸರು ಮುಬಶಿರಾ, ವಯಸ್ಸು ಇಪ್ಪತ್ತೆಂಟು. ಬಾಳಗಡಿಯಲ್ಲಿ ಬಿ.ಕಾಂ. ಓದಿ, ಪರೀಕ್ಷೆ ಬರೆದು ಗ್ರಾಮ ಆಡಳಿತಾಧಿಕಾರಿಯಾದವರು. ಖಾತೆ ಬದಲಾವಣೆ, ವೃದ್ಧಾಪ್ಯ ವೇತನ, ಬೆಳೆ ಸಮೀಕ್ಷೆ ಎಂದು ವಾರವಿಡೀ ಸ್ಕೂಟರಿನ ಮೇಲೆ ಓಡಾಟ. ಮೇಲಧಿಕಾರಿಯ ಲಿಖಿತ ಅನುಮತಿ ಪಡೆದು, ರಜೆಯ ದಿನ ತಾಳಮದ್ದಳೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತವರು ಆ ಪದದ ಅರ್ಥವನ್ನು ಪಾತ್ರವಾಗಿ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಹೇಳಬೇಕು. ಬರೆದುಕೊಂಡು ಬಂದದ್ದು ನಡೆಯುವುದಿಲ್ಲ. ಎದುರಿನವರು ಏನು ಕೇಳುತ್ತಾರೋ ಯಾರಿಗೂ ತಿಳಿದಿರುವುದಿಲ್ಲ.

ಮುಬಶಿರಾ ಮೂರು ವರ್ಷ ಬಾಗಿಲ ಕಾವಲುಗಾರ, ಬೇಹಿನವ, ಸಾರಥಿ ಇಂಥವೇ ಪಾತ್ರ ಮಾಡಿದ್ದರು. ಕಳೆದ ತಿಂಗಳು ನರಸಿಂಹರಾಜಪುರದ ಕೂಟಕ್ಕೆ ಮೊದಲ ಸಲ ಮಂತ್ರಿಯ ಪಾತ್ರ ಸಿಕ್ಕಿತು. ಎದುರಿಗೆ ರಾಜನಾಗಿ ತಂಡದ ಹಿರಿಯರು, ನಿವೃತ್ತ ಮೇಷ್ಟ್ರು ಶಿವಶಂಕರಪ್ಪ. ಅವರದ್ದೊಂದು ಕಟ್ಟುನಿಟ್ಟು: ರಾಜರ ಕಾಲಕ್ಕೆ ಸಲ್ಲದ ಮಾತು ಬಾಯಿಂದ ಬಂದು, ಅದನ್ನು ಪಾತ್ರದೊಳಗೇ ಸರಿಪಡಿಸಲಾಗದಿದ್ದರೆ ಆ ವರ್ಷವೆಲ್ಲ ಮತ್ತೆ ಬಾಗಿಲು ಕಾಯುವುದು.

ವಿಷಯ ಊರಿಗೆಲ್ಲ ಹಬ್ಬಿತ್ತು. ಬೆಳೆ ಸಮೀಕ್ಷೆಗೆ ಹೋದಾಗ ತೋಟದ ಬೇಲಿಯಾಚೆಯಿಂದ ತಿಮ್ಮಪ್ಪ ಕೇಳಿದರು: "ಮೇಡಂ, ಭಾನುವಾರ ಮಂತ್ರಿ ಆಗ್ತೀರಂತೆ. ನಮ್ಮ ರಸ್ತೆಗೆ ಜಲ್ಲಿ ಹಾಕ್ಸಿ ಮತ್ತೆ."

"ಸಂಜೆ ಆರಕ್ಕೆ ನನ್ನ ಸರ್ಕಾರ ಬೀಳುತ್ತೆ ತಿಮ್ಮಪ್ಪಣ್ಣ. ಅಷ್ಟರೊಳಗೆ ಅರ್ಜಿ ಕೊಡಿ."

"ಎಂತ ಮಾರಾಯ್ರೆ, ಅಲ್ಲೂ ಅರ್ಜಿಯಾ?"

ಕೊಪ್ಪದಲ್ಲಿ ಛತ್ರಿ, ಚಪ್ಪಲಿ ಅಂಗಡಿ ಇಟ್ಟಿರುವ ತಂದೆ ಅಸಾದುಲ್ಲಾ ಅವರಿಗೆ ಬೇರೆಯೇ ದೂರು. "ಇವಳು ಮನೇಲಿ ನಾಲ್ಕು ಮಾತಾಡಲ್ಲ. ಕೇಳಿದ್ರೆ ಭಾನುವಾರಕ್ಕೆ ಉಳಿಸಿಟ್ಟಿದೀನಿ ಅಂತಾಳೆ." ಹಾಗೆಂದವರು ಆ ದಿನ ಮಧ್ಯಾಹ್ನವೇ ಅಂಗಡಿ ಮುಚ್ಚಿ, ಮುಂದಿನ ಸಾಲಿನಲ್ಲಿ ಬಂದು ಕೂತಿದ್ದರು.

ಅಂದಿನದು ಮೇಷ್ಟ್ರೇ ಹೆಣೆದ ಹೊಸ ಕತೆ. ಅಣ್ಣ ರಾಜ್ಯವನ್ನೆಲ್ಲ ಇಟ್ಟುಕೊಂಡಿದ್ದಾನೆ. ತಮ್ಮನ ಮಂತ್ರಿ ಪಾಲು ಕೇಳಲು ಬಂದಿದ್ದಾನೆ. ಭಾಗವತ ಚಂದ್ರಶೇಖರ ಪದ ಎತ್ತಿದರು, ಮದ್ದಳೆ ನಿಂತಿತು, ಮುಬಶಿರಾ ಶಾಲು ಸರಿಪಡಿಸಿಕೊಂಡು ಶುರುಮಾಡಿದರು. ಮೊದಲ ಹದಿನೈದು ನಿಮಿಷ ಮಾತು ಸಲೀಸಾಗಿ ಹರಿಯಿತು. ರಾಜ ಗದರಿದ, ಮಂತ್ರಿ ನಯವಾಗಿ ತಿರುಗಿ ಚುಚ್ಚಿದ. ಆ ಉತ್ಸಾಹದಲ್ಲೇ ಎಡವಟ್ಟಾಯಿತು.

"ನದಿಯಾಚೆಯ ಸೀಮೆ ತಮ್ಮನದೇ ದೊರೆ. ಪಹಣಿ ತೆಗೆಸಿ ನೋಡು."

ಸಭೆಯಲ್ಲಿದ್ದ ಅರವತ್ತು ಜನರೂ ನಕ್ಕರು. ಜಮೀನಿನ ಪಹಣಿಗಾಗಿ ಕಚೇರಿಯಲ್ಲಿ ಕ್ಯೂ ನಿಲ್ಲದವರು ಅಲ್ಲಿ ಯಾರಿದ್ದರು? ಅಸಾದುಲ್ಲಾ ತಲೆ ತಗ್ಗಿಸಿದರು. ಭಾಗವತರು ಮುಂದಿನ ಪದ ಎತ್ತಿ ಕಾಪಾಡಬಹುದಿತ್ತು. ಮೇಷ್ಟ್ರು ಕೈ ಅಡ್ಡ ಹಿಡಿದರು.

"ಪಹಣಿ? ಹಾಗೆಂದರೇನು ಮಂತ್ರಿ? ನಮ್ಮ ರಾಜ್ಯದಲ್ಲಿ ಆ ಹೆಸರನ್ನೇ ಕೇಳಿಲ್ಲವಲ್ಲ."

ಮುಬಶಿರಾ ನೀರಿನ ಲೋಟ ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು.

"ಹೇಗೆ ಕೇಳಿರುತ್ತೀಯೆ ದೊರೆ? ಯಾವ ನೆಲ ಯಾರದೆಂದು ಬರೆದಿಡುವ ಪದ್ಧತಿ ಅದು, ನಮ್ಮ ತಮ್ಮರಸನ ಬಡ ಬಿಡಾರದಲ್ಲಿದೆ. ನಿನ್ನ ಅರಮನೆಯಲ್ಲೂ ಇದ್ದಿದ್ದರೆ, ಒಬ್ಬ ತಮ್ಮನಿದ್ದಾನೆಂದು ನೆನಪಿಸಲು ನಾನು ಇಷ್ಟು ದೂರ ನಡೆದು ಬರಬೇಕಿತ್ತೇ?"

ಈ ಸಲ ನಗುವಿನ ಜೊತೆ ಚಪ್ಪಾಳೆಯೂ ಬಿತ್ತು. ರಾಜನಾಗಿ ಕೂತಿದ್ದವರು ಭಾಗವತರತ್ತ ತಿರುಗಿ, ಮುಂದಿನ ಪದ ಎತ್ತಿ ಎಂದು ಸನ್ನೆ ಮಾಡಿದರು. ಮೂವತ್ತು ವರ್ಷದಲ್ಲಿ ಮೇಷ್ಟ್ರು ತಾವಾಗಿ ಪದ ಕೇಳಿದ್ದು ಅದೇ ಮೊದಲೆಂದು ಚಂದ್ರಶೇಖರ ಆಮೇಲೆ ಕಂಡವರಿಗೆಲ್ಲ ಹೇಳಿದರು.

ಕೂಟ ಮುಗಿದು ಅವಲಕ್ಕಿ, ಚಹಾ ನಡೆಯುತ್ತಿತ್ತು. ಶಿವಶಂಕರಪ್ಪ ತಟ್ಟೆ ಹಿಡಿದುಕೊಂಡೇ ಬಂದರು.

"ಮುಂದಿನ ತಿಂಗಳು ಶೃಂಗೇರಿಲಿ ಕೂಟ ಉಂಟಮ್ಮ. ಇದೇ ಕತೆ. ನೀನು ರಾಜ ಆಗು, ನಾನು ಮಂತ್ರಿ ಆಗ್ತೀನಿ. ಆ ಪಹಣಿ ವಿಷಯ ನಂಗೂ ಸ್ವಲ್ಪ ಕೇಳೋದಿದೆ."

"ಯಾವತ್ತು ಸರ್?"

"ಶನಿವಾರ."

ಮುಬಶಿರಾ ಫೋನಿನಲ್ಲಿ ಕ್ಯಾಲೆಂಡರ್ ತೆರೆದರು. "ಎರಡನೇ ಶನಿವಾರವಾ, ಮೂರನೇದಾ? ಮೂರನೇದಾದ್ರೆ ಆಫೀಸುಂಟು."

"ಎರಡನೇದು."

"ಹಾಗಾದ್ರೆ ರಾಜ ಬರ್ತಾನೆ ಸರ್," ಎಂದರು ಮುಬಶಿರಾ.