ಮಾತ್ರೆಯಿಲ್ಲದ ಚೀಟಿ

ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕನಿಗೆ ಮೂರು ದಿನದ ಕೂಲಿ ಇನ್ನೂ ಬರಬೇಕಿದೆ. ಹದಿನಾರು ವರ್ಷ ಒದ್ದೆ ಹೊದಿಕೆಗಳನ್ನು ಎತ್ತಿ ಅವಳ ಸೊಂಟ ಬಿದ್ದುಹೋಯಿತು. ಫಿಸಿಯೋಥೆರಪಿ ಕೋಣೆ ಅದೇ ಕಟ್ಟಡದ ಮೇಲಂತಸ್ತಿನಲ್ಲಿದೆ. ಅದು ತೆರೆದಿರುವುದು ಮಾತ್ರ ಅವಳ ಪಾಳಿಯ ಹೊತ್ತಿನಲ್ಲೇ. ಮೂರು ದಿನ ರಜೆ ಹಾಕಿ ಹೋದಳು.

ಸೂಪರ್‌ವೈಸರ್ ಅವಳು ಅಲ್ಲಿಂದ ತಂದ ಚೀಟಿಯನ್ನು ತಿರುವಿ ತಿರುವಿ ನೋಡಿದ.

"ಮಾತ್ರೆ ಇಲ್ಲ, ಸೂಜಿ ಇಲ್ಲ. ಮಲಗಿ ಕಾಲೆತ್ತೋಕೆ ರಜೆ ಬೇಕಾ ನಿಂಗೆ?"

"ಬರೀ ಮಲಗೋಕಾದ್ರೆ ಮನೇಲಿ ಚಾಪೆ ಇತ್ತಲ್ಲ ಸಾರ್."

ಅವನು ನಂಬಲಿಲ್ಲ, ಆ ಮೂರು ದಿನದ ಕೂಲಿ ತಡೆಹಿಡಿದ. ಈಗ ಅವಳು ಬಗ್ಗಿದರೆ ನೋವೆಲ್ಲಿ ಎನ್ನುತ್ತಾನೆ, ಬಗ್ಗದಿದ್ದರೆ ಕಳ್ಳಾಟ ಎನ್ನುತ್ತಾನೆ. ನಾಲ್ಕನೇ ದಿನವೂ ಆ ಕೋಣೆಗೆ ಹೋದರೆ ಕೆಲಸವಿಲ್ಲ ಎಂದಿದ್ದಾನೆ.

ಆ ನಾಲ್ಕನೇ ದಿನ ನಾಳೆ. ಅವಳು ಒಗೆದ ಹೊದಿಕೆ ಹೊದ್ದು ವಾಸಿಯಾಗಿ ಮನೆಗೆ ಹೋದವರೇ, ನಾಳೆ ಬೆಳಿಗ್ಗೆ ಬಂದು ಅವನೆದುರು ಅವಳ ಪಕ್ಕ ನಿಲ್ಲಿ.