ಬುಟ್ಟಿಗೆ ಬಿದ್ದ ಬೇರೆ ಚೀಟಿ

ಕಳೆದ ವರ್ಷ, ಗುಡ್ ಫ್ರೈಡೆಗೆ ಮುಂಚಿನ ಉಪವಾಸದ ದಿನಗಳು. ಗಂಗಾವತಿಯ ನಮ್ಮ ಸಣ್ಣ ಸಭೆಯಲ್ಲಿ ಪ್ರತಿ ಶುಕ್ರವಾರ ಪ್ರಾರ್ಥನೆ ಇರುತ್ತಿತ್ತು. ಎಂ.ಎಸ್ಸಿ. ಮುಗಿಸಿ ಎರಡು ವರ್ಷದ ಹಿಂದೆ ಊರಿಗೆ ಬಂದಿದ್ದ ನಾನು ದಿನವೂ ನಸುಕಿನಲ್ಲಿ ಎದ್ದು ಬೈಬಲ್ ಓದುತ್ತಿದ್ದೆ. ಮನಸ್ಸಿನ ತಪ್ಪುಗಳನ್ನು ಚೀಟಿಯಲ್ಲಿ ಬರೆದು ಅದರೊಳಗೇ ಮಡಚಿಡುತ್ತಿದ್ದೆ. ದೇವರಿಗೆ ಹತ್ತಿರವಾಗುತ್ತಿದ್ದೇನೆ ಎಂಬ ಸಮಾಧಾನವಿತ್ತು.

ನಮ್ಮಲ್ಲೊಂದು ರೂಢಿ. ಪ್ರಾರ್ಥನೆ ಬೇಕಾದವರು ತಮ್ಮ ಹೆಸರು ಹಾಕದೆ ಚೀಟಿ ಬರೆದು ಬುಟ್ಟಿಗೆ ಹಾಕುತ್ತಾರೆ. ಪಾಸ್ಟರಮ್ಮ ಒಂದೊಂದನ್ನೇ ಓದುತ್ತಾರೆ, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಆ ದಿನ ನಾನು ಅಪ್ಪನ ಕಣ್ಣಿನ ಆಪರೇಷನ್‌ಗಾಗಿ ಚೀಟಿ ಹಾಕಿದ್ದೆ.

ಪಾಸ್ಟರಮ್ಮ ಮೂರನೆಯ ಚೀಟಿ ಬಿಚ್ಚಿದರು. “ಕರ್ತನೇ, ರೂತಮ್ಮನ ಮೇಲೆ ನನಗಿರುವ ಅಸಹ್ಯವನ್ನು ತೆಗೆದುಹಾಕು. ಜನ ನೋಡಲಿ ಎಂದೇ ಆಕೆ ಕಿರುಚಿ ಪ್ರಾರ್ಥಿಸುತ್ತಾಳೆ...” ಅಷ್ಟಕ್ಕೇ ನಿಲ್ಲಿಸಿಬಿಟ್ಟರು.

ಅದು ನಸುಕಿನಲ್ಲಿ ನಾನೇ ಬರೆದಿಟ್ಟಿದ್ದ ಚೀಟಿ. ಬೈಬಲ್ ತೆರೆದರೆ ಅಪ್ಪನ ಚೀಟಿ ಅಲ್ಲೇ ಇತ್ತು.

“ಯಾರವಾ ಬರದಾಕಿ? ಹೆಸರು ಹಾಕಾಕ ಧೈರ್ಯ ಇಲ್ಲೇನು?” ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ರೂತಮ್ಮ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ನನ್ನ ಮೊಣಕೈ ತಿವಿದು, “ಏನಂದ್ರವಾ? ಎಲ್ಲಾರೂ ನನ್ನ ಯಾಕ ನೋಡಾಕತ್ತಾರ?” ಎಂದು ಗಟ್ಟಿಯಾಗಿ ಕೇಳಿದರು.

ನಾನು ಬೈಬಲ್ ಮುಚ್ಚಿದೆ. ಅವರು ತಲೆ ತಿರುಗಿಸಿ ಇನ್ನೊಂದು ಕಿವಿಯನ್ನು ನನ್ನತ್ತ ತಂದರು.

“ಈ ಕಿವ್ಯಾಗ ಹೇಳು. ಆ ಕಿವಿ ಪೂರಾ ಹೋಗೇತಿ. ರೈಸ್ ಮಿಲ್‌ನ ಸದ್ದಿನ್ಯಾಗ ಇಪ್ಪತ್ತು ವರ್ಷ ದುಡದೀನಿ. ನಾ ಮಾತಾಡಿದ್ದು ನನಗ ಕೇಳಂಗಿಲ್ಲ.”

ಎರಡು ವರ್ಷ ಅದೇ ಚಾಪೆಯ ಮೇಲೆ ಕೂತಿದ್ದೆ. ಒಂದು ದಿನವೂ ಆಕೆಯನ್ನು ಮಾತಾಡಿಸಿರಲಿಲ್ಲ.

ಏನೂ ಇಲ್ಲ ಎಂದು ಬಿಡಬಹುದಿತ್ತು. ನನ್ನ ಅಕ್ಷರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಬಗ್ಗಿ ಮೆಲ್ಲಗೆ ಹೇಳಿದೆ. “ಜೋರ ಹೇಳವಾ” ಎಂದರು. ಕೊನೆಗೆ ಇಡೀ ಸಭೆಗೆ ಕೇಳುವಂತೆ ಕೂಗಬೇಕಾಯಿತು: “ಆ ಚೀಟಿ ನಂದು ರೂತಮ್ಮಾರ. ನಿಮ್ಮ ಪ್ರಾರ್ಥನಿ ಕೇಳಿದ್ರ ಅಸಹ್ಯ ಆಗತೈತಿ ಅಂತ ಬರದೀನಿ. ತಪ್ಪಾತ್ರಿ.”

ಅವರು ನನ್ನ ಮುಖವನ್ನೇ ನೋಡಿದರು. “ಹೇಳಿದ್ರ ದೂರ ಕೂಡ್ತಿದ್ದೆನಲ್ಲವಾ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡೇ, “ಪಾಸ್ಟರಮ್ಮಾರ, ಮುಂದಿನ ಚೀಟಿ ಓದ್ರಿ” ಎಂದರು.

ಈಗಲೂ ಬೈಬಲ್ ಓದುತ್ತೇನೆ, ಉಪವಾಸವನ್ನೂ ಮಾಡುತ್ತೇನೆ. ಆದರೆ ಯಾರದಾದರೂ ಹೆಸರನ್ನು ದೇವರ ಮುಂದೆ ಇಡುವ ಮೊದಲು, ಹೋಗಿ ಅವರೊಂದಿಗೆ ಎರಡು ಮಾತಾಡಿ ಬರುತ್ತೇನೆ. ನನಗೆ ಉಪವಾಸಕ್ಕಿಂತ ಕಷ್ಟವಾಗಿರುವುದು ಅದೇ.