ರೊಟ್ಟಿ ಊಟದ ಖಾನಾವಳಿ ಮುಚ್ಚಿದ್ದು

ನಮ್ಮ ಖಾನಾವಳಿ ಮುಚ್ಚಿದ್ದು ಊಟ ಕೆಟ್ಟಿತು ಅಂತಲ್ಲ, ದರ ಏರಿಸಿದೆವು ಅಂತಲೂ ಅಲ್ಲ. ನನ್ನ ಗಂಡ ಸತ್ತ ಮರುದಿನ ಬಾಗಿಲು ತೆರೆದೆವು, ಅದಕ್ಕೆ ಮುಚ್ಚಿತು. ಎದುರಿಗೆ ಹೊಸ ಹೋಟೆಲು ಬಂತು, ಹೆಣ್ಣುಮಕ್ಕಳಿಗೆ ವ್ಯಾಪಾರ ತಿಳಿಯಲಿಲ್ಲ ಎಂದು ನೆಂಟರು ಈಗಲೂ ಹೇಳುತ್ತಾರೆ. ಹೇಳಲಿ. ಮೊಮ್ಮಗಳು ಕೇಳಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಅವಳೇ ತಿದ್ದಿಕೊಳ್ಳಲಿ.

ನಮ್ಮದು ಎಕ್ಕಂಬಿ ಕಡೆಯ ಹಳ್ಳಿ. ಮಗಳನ್ನು ಹಾವೇರಿ ಕಡೆ ಕೊಟ್ಟಿದ್ದೆವು. ಅಳಿಯ ಇನ್ನೊಂದು ಸಂಸಾರ ಮಾಡಿಕೊಂಡ. ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಊರ ಮನೆಯಲ್ಲಿ ನನ್ನ ಮಗ, ಸೊಸೆ ಇದ್ದರು. ಅಣ್ಣನ ಮನೆಯಲ್ಲಿ ಅತ್ತಿಗೆಯ ಕೈ ನೋಡಿಕೊಂಡು ಇರಲಾರೆ, ನನ್ನ ಕೂಸು ನನ್ನ ಅನ್ನ ಉಣ್ಣಬೇಕು ಎಂದಳು. ಹಾಗಾಗಿ ಶಿರಸಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮನೆ ಹಿಡಿದೆವು. ಮುಂದಿನ ಕೋಣೆಯಲ್ಲಿ ಖಾನಾವಳಿ, ಹಿಂದೆ ನಾವು. ನಾನು ರೊಟ್ಟಿ ಬಡಿಯುವುದು, ಮಗಳು ಪಲ್ಯ ಸಾರು, ಗಂಡ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕರೆಯುವುದು. ತೊಂಬತ್ತರ ದಶಕ ಮುಗಿಯುವ ಹೊತ್ತು. ಆಗ ಆ ಓಣಿಯಲ್ಲಿ ರೊಟ್ಟಿ ಊಟ ಬೇರೆಲ್ಲೂ ಇರಲಿಲ್ಲ.

ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೇಲೆ ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ. ಆಮೇಲೆ ಅನ್ನ, ಸಾರು, ಮಜ್ಜಿಗೆ ಬೇಕಾದಷ್ಟು. ಈ ಕಡೆಯವರಿಗೆ ಅನ್ನಕ್ಕೆ ತಂಬುಳಿ ಇಲ್ಲದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮಗಳು ಒಂದೆಲಗದ ತಂಬುಳಿಯನ್ನೂ ಕಲಿತಳು. ದೊಡ್ಡ ಹೋಟೆಲಿನಲ್ಲಿ ತಿಂಡಿ ಚಹಾಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮಲ್ಲಿ ಹೊಟ್ಟೆ ತುಂಬ ಊಟ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಅಡಿಕೆ ಮಂಡಿಯ ವಖಾರಿಯವರು ಎಲ್ಲ ಬರುತ್ತಿದ್ದರು.

ವಖಾರಿಯ ಗುಮಾಸ್ತರೊಬ್ಬರು ಕಾನಸೂರು ಕಡೆಯವರು, ಜನಿವಾರದವರು. ಮೊದಲ ದಿನ ರೊಟ್ಟಿಯನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡುತ್ತ ಕುಳಿತಿದ್ದರು.

“ಹೆದರಬ್ಯಾಡ್ರಿ ಭಟ್ರ, ಅದು ಕಚ್ಚೂದಿಲ್ಲ” ಎಂದರು ನನ್ನ ಗಂಡ.

“ಕಚ್ಚದು ನಾನೇ ಮಾರಾಯ. ಹಲ್ಲು ಹೋದ್ರೆ ನೀನೇ ಕಟ್ಟಿಸ್ಕೊಡ್ಬೇಕು.”

“ಹಲ್ಲು ಹೋದ್ರ ತಂಬುಳಿ ಐತ್ರಿ, ಕುಡೀರಿ!”

ಅಂದಿನಿಂದ ಅವರು ದಿನಾ ಬಂದರು. ಅವರ ಹಿಂದೆ ವಖಾರಿಯೇ ಬಂತು. ಮಗಳು ಬಾಡಿಗೆಯನ್ನು ತಾನೇ ಕೊಡುವ ಹಾಗಾದಳು. ಅವಳ ಅಣ್ಣ ನೋಡಲು ಬಂದಾಗ ಅವನಿಗೂ ತಾಟು ಹಾಕಿ, “ಉಣ್ಣು, ನಿನ್ನ ಹೇಂತಿ ಲೆಕ್ಕ ಹಿಡಿಯೂದಿಲ್ಲ ಇಲ್ಲಿ” ಎಂದಳು. ಆವತ್ತು ಅವಳು ನಕ್ಕದ್ದು ನೆನಪಿದೆ.

ಆ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಬೆಳಗಿನ ಜಾವ ಗಂಡ ಎದೆ ಹಿಡಿದುಕೊಂಡು ಎದ್ದು ಕುಳಿತರು. ನೀರು ತರುವಷ್ಟರಲ್ಲಿ ಹೋಗಿದ್ದರು. ಮಟಡೋರ್ ಬಾಡಿಗೆಗೆ ಹಿಡಿದು ಊರಿಗೆ ಒಯ್ದು ಸಂಜೆಯೊಳಗೆ ಮಣ್ಣು ಮಾಡಿದೆವು. ಮರುದಿನ ಮೊದಲ ಬಸ್ಸಿಗೆ ನಾವಿಬ್ಬರೂ ಕೂಸನ್ನು ಕರೆದುಕೊಂಡು ಶಿರಸಿಗೆ ಬಂದೆವು. ಒಳಗೆ ಹೋದರೆ ಬಟ್ಟೆಯಲ್ಲಿ ಕಟ್ಟಿಟ್ಟ ಮಡಕಿ ಕಾಳು ಮೊಳಕೆ ಒಡೆದು ಬಟ್ಟೆಯಿಂದ ಹೊರಗೆ ಬಂದಿತ್ತು.

“ಕಾಳು ಹಾಳಾಗ್ತಾವ” ಎಂದಳು ಮಗಳು.

“ಹಂಗಾರ ಒಲಿ ಹಚ್ಚು” ಎಂದೆ.

ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ. ನಮ್ಮಲ್ಲಿ ಹಾಗೇ ಹೇಳಿಕೊಟ್ಟದ್ದು. ನನ್ನ ಅತ್ತೆ ಸತ್ತ ಮರುದಿನ ನಾನೇ ಕಣದಲ್ಲಿ ಆಳುಗಳಿಗೆ ಅಡುಗೆ ಮಾಡಿ ಬಡಿಸಿದ್ದೆ, ಯಾರೂ ಏನೂ ಅಂದಿರಲಿಲ್ಲ. ಹಸಿದು ಬಂದವರಿಗೆ ಬಾಗಿಲು ಹಾಕಬಾರದು ಎಂದು ಗಂಡ ಅಮಾವಾಸ್ಯೆಗೂ ಮುಚ್ಚಲು ಬಿಡುತ್ತಿರಲಿಲ್ಲ. ತಪ್ಪು ಮಾಡಿದೆವು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನಾವು ಇದ್ದದ್ದು ಶಿರಸಿಯಲ್ಲಿ, ಅಷ್ಟೇ.

ಮಧ್ಯಾಹ್ನ ಗುಮಾಸ್ತರು ಇನ್ನೊಬ್ಬರನ್ನು ಕರೆದುಕೊಂಡು ಬಂದು ಕುಳಿತರು. ತಾಟು ಹಾಕಿದೆ. ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು, ಖಾಲಿ ಕುರ್ಚಿ ನೋಡಿ ಕೇಳಿದರು:

“ಎಂತ ಅಮ್ಮ, ಯಜಮಾನ್ರು ಇವತ್ತು ಸವಾರಿ ಹೋದ್ರಾ?”

“ಹೋದ್ರರೀ. ನಿನ್ನೆ ಹೊತ್ತು ಮೂಡೂಕಿಂತ ಮೊದ್ಲ ತೀರಿಕೊಂಡ್ರು.”

ಅವರ ಕೈ ಅಲ್ಲೇ ನಿಂತಿತು. ತುತ್ತನ್ನು ಮೆಲ್ಲಗೆ ತಾಟಿನಲ್ಲಿ ಇಟ್ಟರು. ಜೊತೆಗೆ ಬಂದವರು ಆಗಲೇ ಒಂದು ರೊಟ್ಟಿ ಮುಗಿಸಿದ್ದರು.

“ಇದೇ ಮನೇಲಾ?” ಎಂದು ಅವರು ಕೇಳಿದರು.

“ಹೂನ್ರಿ, ಹಿಂದಿನ ಕೋಣ್ಯಾಗ.”

“ಏಳಾ, ಆನು ಉಣ್ತ್ನಿಲ್ಲೆ” ಎಂದು ಗುಮಾಸ್ತರು ತಮ್ಮ ಮನೆಮಾತಿನಲ್ಲಿ ಅವರಿಗೆ ಹೇಳಿ, ತಾಟು ಸರಿಸಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. “ತಪ್ಪು ತಿಳ್ಕೋಬೇಡಿ ಅಮ್ಮ. ಅವರು ನಂಗೆ ಬೇಕಾದವರು. ಆದ್ರೆ ನಮ್ಮಲ್ಲಿ ಇದು ನಡೆಯದಿಲ್ಲ.”

ಇಬ್ಬರೂ ಕೈ ತೊಳೆದುಕೊಂಡು ಹೋದರು. ಮೂಲೆಯಲ್ಲಿದ್ದ ಲಾರಿ ಡ್ರೈವರ್ ಒಬ್ಬ ತಲೆ ಎತ್ತದೆ ಉಂಡು, ಇನ್ನೂ ಒಂದು ರೊಟ್ಟಿ ಕೇಳಿದ.

ಮರುದಿನದಿಂದ ವಖಾರಿಯವರು ಬರಲಿಲ್ಲ. ಅವರ ಬಾಯಿಂದ ಕೋರ್ಟಿನವರಿಗೆ ಹೋಯಿತು. ಹತ್ತು ಹನ್ನೆರಡು ದಿನ ಕಳೆದರೆ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಯಾರೂ ಬೈಯಲಿಲ್ಲ, ಜಗಳ ಮಾಡಲಿಲ್ಲ. ಬೈದಿದ್ದರೆ ಎದುರು ಮಾತಾದರೂ ಆಡಬಹುದಿತ್ತು. ಓಣಿಯ ತುದಿಯಲ್ಲಿ ನಮ್ಮನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು “ಬರ್ರೀ” ಎಂದು ಕರೆದರೆ ಅವಳಪ್ಪನ ದನಿ ಬರುತ್ತಿರಲಿಲ್ಲ. ದಿನಾ ಒಂದೊಂದು ಪಾವು ಅಕ್ಕಿ ಕಡಿಮೆ ಹಾಕಿದೆವು. ಉಳಿದ ಅನ್ನವನ್ನು ಓಣಿಯ ದನಗಳಿಗೆ ಹಾಕಿದೆವು. ಮಧ್ಯಾಹ್ನ ತಾಟುಗಳು ಬೆಳಿಗ್ಗೆ ತೊಳೆದಿಟ್ಟ ಹಾಗೇ ಇರುತ್ತಿದ್ದವು.

ಒಂದು ದಿನ ಗುಮಾಸ್ತರು ಹೊಸ್ತಿಲ ಹೊರಗೆ ನಿಂತು ಕರೆದರು. “ಅಮ್ಮ, ಒಂದು ಮಾತು. ಶುದ್ಧ ಅಂತ ಆಗ್ಲಿಲ್ಲ ನಿಮ್ಮನೇಲಿ. ಒಂದು ಪುಣ್ಯಾಹ ಮಾಡಿಸಿ, ನಾಲ್ಕು ಮೂಲೆಗೆ ನೀರು ಹೊಡೆಸಿ. ನಾನೇ ಭಟ್ಟರನ್ನ ಕಳಿಸ್ತೆ. ಮೊದಲ ತಾಟಿಗೆ ನಾನೇ ಕೂರ್ತೆ. ಉಳಿದವರು ತಾವೇ ಬರ್ತಾರೆ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರು ಕುಳಿತರೆ ವಖಾರಿ ಬರುತ್ತದೆ ಎಂದು ನನಗೂ ಗೊತ್ತಿತ್ತು. ಒಳಗೆ ಹೋಗಿ ಮಗಳಿಗೆ ಹೇಳಿದೆ, “ಮಾಡಿಸಿಬಿಡು.”

ಮಗಳು ಕೂಸಿನ ತಲೆ ಬಾಚುತ್ತಿದ್ದಳು. “ಅಪ್ಪ ಹೊಲಸಾಗಿದ್ನೇನವ್ವ?”

“ಅವಂಗೇನ ಆಗ್ತೈತಿ? ಮಣ್ಣಾಗ್ಯಾನ. ನೀರು ಹೊಡೀತಾರ, ಹೋಗ್ತಾರ. ಒರಸಿದ್ರ ಆತು.”

“ನೀ ಒರಸ್ತಿ. ನನ್ ಕಡೆ ಒರಸಾಕ ಆಗೂದಿಲ್ಲ.”

“ಕೂಸಿಗೆ ಏನ್ ಹಾಕ್ತಿ?”

ಅವಳು ಬಾಚಣಿಗೆ ಕೆಳಗಿಟ್ಟು ಹೊರಗೆ ಹೋದಳು. “ಬ್ಯಾಡ್ರಿ. ನಮ್ಮಪ್ಪ ಇಲ್ಲೇ ಕೂತು ನಿಮ್ಮನ್ನ ಕರೀತಿದ್ದ” ಎಂದಳು. ಗುಮಾಸ್ತರು ತಲೆ ತಗ್ಗಿಸಿ ಹೋದರು. ಆ ರಾತ್ರಿ ನಾನು ಅವಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದು ಪ್ರಯೋಜನ ಆಗಲಿಲ್ಲ.

ಯುಗಾದಿಯ ತನಕ ಎಳೆದೆವು. ಆಮೇಲೆ ಅದೇ ಗುಮಾಸ್ತರು, ಯಲ್ಲಾಪುರದ ಒಂದು ಹಾಸ್ಟೆಲ್ಲಿಗೆ ಅಡುಗೆಯವಳು ಬೇಕಂತೆ ಎಂದು ಹೇಳಿ ಕಳಿಸಿದರು. ಅಲ್ಲಿ ಇರಲು ಒಂದು ಕೋಣೆ, ಆದರೆ ಕೂಸನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮಗಳು ಒಪ್ಪಿದಳು. ಇನ್ನೇನು ಮಾಡುತ್ತಾಳೆ. ಕೂಸು ನನ್ನ ಜೊತೆ ಅವಳ ಅಣ್ಣನ ಮನೆಗೆ, ಯಾವ ಅತ್ತಿಗೆಯ ಕೈ ನೋಡಲಾರೆ ಎಂದಿದ್ದಳೋ ಅವಳ ಕೈಗೆ. ತಾಟು, ಬೋಗುಣಿಗಳನ್ನು ಮದುವೆಗೆ ಪಾತ್ರೆ ಬಾಡಿಗೆ ಕೊಡುವವನು ಬಂದು ಒಯ್ದ. ಕುರ್ಚಿಯನ್ನೂ ಕೇಳಿದ, ಕೊಟ್ಟೆ. ಮಗಳು ಅಂದು ಉಣ್ಣಲಿಲ್ಲ, ಅಳಲೂ ಇಲ್ಲ. ಕೂಸನ್ನು ತಬ್ಬಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಬೆಳಿಗ್ಗೆ ಯಾವಾಗಿನ ಹೊತ್ತಿಗೇ ಎದ್ದೆ. ಕಟ್ಟಿಗೆ ತೀರಿಹೋಗಿತ್ತು. ಹೊರಗೆ ಗಂಡ ತಮ್ಮ ಕೈಯಲ್ಲೇ ಬಣ್ಣ ಹಚ್ಚಿ ಬರೆದ ‘ಜೋಳದ ರೊಟ್ಟಿ ಊಟ ತಯಾರಿದೆ’ ಎಂಬ ಹಲಗೆ ಇನ್ನೂ ನೇತಾಡುತ್ತಿತ್ತು. ಇಳಿಸಿ, ಕೊಡಲಿಯಿಂದ ಸೀಳಿ ಒಲೆಗೆ ಇಟ್ಟೆ. ಬಣ್ಣದ ಹಲಗೆ, ಹೊಗೆ ವಿಪರೀತ. ಆ ಉರಿಯಲ್ಲೇ ರೊಟ್ಟಿ ಬಡಿದು, ಚಟ್ನಿಪುಡಿ ಹಚ್ಚಿ ಬಟ್ಟೆಯಲ್ಲಿ ಬುತ್ತಿ ಕಟ್ಟಿದೆ. ಕೂಸು ಏಳುವ ಮೊದಲೇ ಮಗಳನ್ನು ಕರೆದುಕೊಂಡು ಹೋಗಿ ಯಲ್ಲಾಪುರದ ಬಸ್ಸಿಗೆ ಹತ್ತಿಸಿ ಬಂದೆ.